ಓದುಗರ ಪ್ರಶ್ನೆ: ‘ಬಿ’ ಹೇಗೆ ‘ಆ್ಯಮ್’ ಆಯಿತು, ‘ವಾಸ್’ ಆಯಿತು?

ಈ ಸಲ ಬಂದ ಪತ್ರಗಳಲ್ಲಿ ಒಂದೇ ಪದವನ್ನು ಹಿಡಿದು ಕೇಳಿದವರು ಜಾಸ್ತಿ. ಇಂಗ್ಲಿಷಿನ ‘ಬಿ’. ಅಂದರೆ ‘ಆ್ಯಮ್, ಈಸ್, ಆರ್, ವಾಸ್, ವರ್, ಬಿ, ಬೀನ್, ಬೀಯಿಂಗ್’ ಅಂತ ನಾವೆಲ್ಲ ಬಾಯಿಪಾಠ ಮಾಡಿದ ಆ ಎಂಟು ರೂಪಗಳು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಇದೊಂದನ್ನೇ ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಾಗುವ ಕ್ರಿಯಾಪದ ಇನ್ನೊಂದಿಲ್ಲ, ಇದಕ್ಕಿಂತ ಹೆಚ್ಚು ಕಾಡುವುದೂ ಇಲ್ಲ.

ಪ್ರಶ್ನೆ: ‘ವಾಕ್’ ಇದ್ದರೆ ‘ವಾಕ್ಡ್’ ಆಗುತ್ತದೆ, ‘ಪ್ಲೇ’ ಇದ್ದರೆ ‘ಪ್ಲೇಡ್’ ಆಗುತ್ತದೆ. ‘ಬಿ’ಗೆ ಮಾತ್ರ ‘ಆ್ಯಮ್’, ‘ಈಸ್’, ‘ವಾಸ್’ ಅಂತ ಒಂದಕ್ಕೊಂದು ಸಂಬಂಧವೇ ಇಲ್ಲದ ರೂಪಗಳು ಯಾಕೆ? ಮಗಳು ಕೇಳಿದಳು, ಉತ್ತರ ಹೊಳೆಯಲಿಲ್ಲ.

ಮಗಳ ಅನುಮಾನ ಸರಿಯಾಗಿದೆ. ಆ ರೂಪಗಳಿಗೆ ನಿಜಕ್ಕೂ ಒಂದಕ್ಕೊಂದು ಸಂಬಂಧ ಇರಲಿಲ್ಲ. ‘ಬಿ’ ಅನ್ನುವುದು ಮೂಲದಲ್ಲಿ ಒಂದು ಕ್ರಿಯಾಪದ ಅಲ್ಲ. ಮೂರು ಬೇರೆ ಬೇರೆ ಧಾತುಗಳ ಚೂರುಗಳು ಸೇರಿ ಆದದ್ದು. ಪ್ರತಿಯೊಂದೂ ತನ್ನ ಕೆಲವು ರೂಪಗಳನ್ನು ಉಳಿಸಿಕೊಂಡಿತು, ಕೆಲವನ್ನು ಕಳೆದುಕೊಂಡಿತು, ಉಳಿದದ್ದೆಲ್ಲ ಬೆರೆತು ಇವತ್ತಿನ ಕೋಷ್ಟಕ ಆಯಿತು. ಕನ್ನಡ ಓದುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಆ ಮೂರು ಧಾತುಗಳ ಸಂಸ್ಕೃತದ ರೂಪಗಳು ನಮಗೆ ಚೆನ್ನಾಗಿ ಗೊತ್ತು.

ಮೊದಲನೆಯದು ಸಂಸ್ಕೃತದ ‘ಅಸ್’. ಅಸ್ತಿ, ಅಸ್ತಿತ್ವ, ಆಸ್ತಿಕ, ನಾಸ್ತಿಕ ಎಲ್ಲ ಇದರದ್ದೇ. ಇಂಗ್ಲಿಷಿನ ‘ಈಸ್’ ಈ ‘ಅಸ್ತಿ’ಯ ಬಂಧು. ಲ್ಯಾಟಿನ್‌ನಲ್ಲಿ ಅದು ‘ಎಸ್ತ್’, ಗ್ರೀಕಿನಲ್ಲಿ ‘ಎಸ್ತಿ’, ಜರ್ಮನ್‌ನಲ್ಲಿ ‘ಇಸ್ಟ್’. ಇಂಗ್ಲಿಷ್ ಕೊನೆಯ ‘ತ’ವನ್ನು ಬಿಟ್ಟುಬಿಟ್ಟಿದೆ, ಅಷ್ಟೇ. ಬಹುವಚನದಲ್ಲಿ ಹೋಲಿಕೆ ಇನ್ನೂ ಎದ್ದು ಕಾಣುತ್ತದೆ: ಸಂಸ್ಕೃತದ ‘ಸಂತಿ’, ಲ್ಯಾಟಿನ್‌ನ ‘ಸುಂತ್’, ಜರ್ಮನ್‌ನ ‘ಜಿಂಟ್’. ಹಳೆಯ ಇಂಗ್ಲಿಷಿನಲ್ಲೂ ‘ಸಿಂದೋನ್’ ಅಂತ ಇತ್ತು, ಆಮೇಲೆ ಅಳಿಸಿಹೋಯಿತು.

ಎರಡನೆಯದು ‘ಭೂ’. ಭವತಿ, ಭವಿಷ್ಯ, ಭೂತ, ಭಾವ, ಅನುಭವ, ಸಂಭವ. ಇದರ ಮೂಲ ಅರ್ಥ ಆಗುವುದು, ಬೆಳೆಯುವುದು. ‘ಬಿ’, ‘ಬೀನ್’, ‘ಬೀಯಿಂಗ್’ ಮೂರೂ ಈ ಕಡೆಯವು. ಇದೇ ಧಾತು ಲ್ಯಾಟಿನ್‌ನಲ್ಲಿ ‘ಫುತೂರುಸ್’ ಅಂದರೆ ಆಗಲಿರುವುದು ಎಂಬ ಪದ ಕೊಟ್ಟಿತು, ಅದರಿಂದ ಇಂಗ್ಲಿಷಿಗೆ ‘ಫ್ಯೂಚರ್’ ಬಂತು. ಹಾಗಾಗಿ ಇಂಗ್ಲಿಷಿನ ‘ಫ್ಯೂಚರ್’, ನಮ್ಮ ‘ಭವಿಷ್ಯ’ ಎರಡೂ ಒಂದೇ ಬೇರಿನವು. ಗ್ರೀಕಿನಲ್ಲಿ ಇದೇ ಧಾತು ಬೆಳೆಯುವುದು ಎಂಬ ಅರ್ಥ ಹಿಡಿದುಕೊಂಡು, ‘ಫ್ಯುಸಿಸ್’ ಅಂದರೆ ಪ್ರಕೃತಿ ಎಂಬ ಪದ ಆಗಿ, ಅಲ್ಲಿಂದ ‘ಫಿಸಿಕ್ಸ್’ ಹುಟ್ಟಿತು. ಫಿಸಿಕ್ಸ್‌ಗೆ ಕನ್ನಡದಲ್ಲಿ ಏನಂತೀವಿ? ಭೌತಶಾಸ್ತ್ರ. ‘ಭೌತ’ ಬಂದದ್ದು ‘ಭೂತ’ದಿಂದ, ‘ಭೂತ’ ಬಂದದ್ದು ‘ಭೂ’ ಧಾತುವಿನಿಂದ. ಎರಡು ದಾರಿಗಳು ಸಾವಿರಾರು ವರ್ಷ ಬೇರೆ ಬೇರೆ ನಡೆದು ಕೊನೆಗೆ ಒಂದೇ ಪಠ್ಯಪುಸ್ತಕದ ರಟ್ಟಿನ ಮೇಲೆ ಕೂಡಿಕೊಂಡಿವೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಮೂರನೆಯದು ‘ವಸ್’, ಅಂದರೆ ತಂಗು, ನೆಲೆಸು. ವಾಸ, ನಿವಾಸ, ವಸತಿ, ಪ್ರವಾಸ, ವಾಸ್ತು. ‘ವಾಸ್’, ‘ವರ್’ ಎರಡೂ ಈ ಗುಂಪಿನವು. ‘ಹಿ ವಾಸ್ ದೇರ್’ ಅನ್ನುವುದರ ತೀರಾ ಹಳೆಯ ಅರ್ಥ ‘ಅವನು ಅಲ್ಲಿ ತಂಗಿದ್ದ’ ಅಂತ.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿತು ಅಂತ ಇದರ ಅರ್ಥ ಅಲ್ಲ. ಅಂಥ ಮಾತು ಎಲ್ಲೆಡೆ ಹರಿದಾಡುತ್ತದೆ, ತಪ್ಪು. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲದಕ್ಕೂ ಹಿಂದೆ ಬರಹವಿಲ್ಲದ ಒಂದು ಮೂಲ ಭಾಷೆ ಇತ್ತು. ಇವೆಲ್ಲ ಅದರ ಕವಲುಗಳು. 1786ರ ಫೆಬ್ರವರಿಯಲ್ಲಿ ಕಲ್ಕತ್ತಾದ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಇದನ್ನೇ ಹೇಳಿದ್ದು: ಈ ಭಾಷೆಗಳ ಧಾತುಗಳಲ್ಲಿ, ವ್ಯಾಕರಣದಲ್ಲಿ ಇರುವ ಹೋಲಿಕೆ ಆಕಸ್ಮಿಕ ಆಗಿರಲಾರದು, ಇವು ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಇಲ್ಲದೆಯೂ ಇರಬಹುದು. ಮೂವತ್ತು ವರ್ಷದ ಮೇಲೆ, 1816ರಲ್ಲಿ, ಫ್ರಾನ್ಸ್ ಬಾಪ್ ಎಂಬ ಜರ್ಮನ್ ವಿದ್ವಾಂಸ ಕ್ರಿಯಾಪದಗಳ ರೂಪಗಳನ್ನೇ ಪಕ್ಕಪಕ್ಕ ಇಟ್ಟು ಇದನ್ನು ವಿವರವಾಗಿ ತೋರಿಸಿದ.

ಈಗ ‘ಆ್ಯಮ್’ ಒಂದನ್ನು ಹತ್ತಿರದಿಂದ ನೋಡಿ. ಅದು ‘ಅಸ್ಮಿ’ಯ ಬಂಧು. ‘ಅಹಂ ಬ್ರಹ್ಮಾಸ್ಮಿ’ಯಲ್ಲಿ ಇರುವ ಅದೇ ‘ಅಸ್ಮಿ’. ನಡುವಿನ ‘ಸ’ ಕರಗಿ ಹಳೆಯ ಇಂಗ್ಲಿಷಿನಲ್ಲಿ ‘ಎಯೋಮ್’ ಆಯಿತು, ಆಮೇಲೆ ‘ಆ್ಯಮ್’. ಉಳಿದುಕೊಂಡ ಆ ‘ಮ್’ ಏನು? ನಮಾಮಿ, ಸ್ಮರಾಮಿ, ಗಚ್ಛಾಮಿ ಎಲ್ಲದರ ಕೊನೆಯಲ್ಲಿ ಬರುವ ‘ಮಿ’, ಅಂದರೆ ‘ನಾನು’ ಎಂದು ತಿಳಿಸುವ ಪ್ರತ್ಯಯ. ಒಂದು ಕಾಲದಲ್ಲಿ ಆ ಗುಂಪಿನ ಎಷ್ಟೋ ಕ್ರಿಯಾಪದಗಳಿಗೆ ಈ ಬಾಲ ಇತ್ತು. ಇವತ್ತಿನ ಇಂಗ್ಲಿಷಿನಲ್ಲಿ ಅದು ಉಳಿದಿರುವುದು ‘ಆ್ಯಮ್’ ಒಂದರಲ್ಲೇ. ಕನ್ನಡದಲ್ಲಿ ‘ಬಂದೆ’ ಅಂದರೆ ಸಾಕು, ಬಂದವರು ‘ನಾನು’ ಅಂತ ಗೊತ್ತಾಗುತ್ತದೆ ಅಲ್ವಾ? ಹಾಗೆಯೇ ‘ಆ್ಯಮ್’ ಒಳಗೂ ‘ನಾನು’ ಕೂತಿದೆ. ‘ಐ ಆ್ಯಮ್’ ಅಂದಾಗ ಇಂಗ್ಲಿಷಿನವರು ‘ನಾನು’ ಅಂತ ಎರಡು ಸಲ ಹೇಳುತ್ತಿದ್ದಾರೆ.

ಮಗಳು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾಳೆ: ಇಷ್ಟು ಗೋಜಲನ್ನು ಜನ ಸರಿ ಮಾಡಿಕೊಳ್ಳಲಿಲ್ಲ ಯಾಕೆ? ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದ ಸವೆಯುತ್ತದೆ, ಆದರೆ ನಿಯಮಕ್ಕೆ ಬಗ್ಗುವುದಿಲ್ಲ. ಮಗು ಅದನ್ನು ನಿಯಮ ಕಲಿಯುವ ಮೊದಲೇ ಕಿವಿಯಿಂದ ಕಲಿತುಬಿಟ್ಟಿರುತ್ತದೆ. ಅಪರೂಪದ ಪದಗಳು ಹಾಗಲ್ಲ, ಮರೆತುಹೋಗುತ್ತವೆ, ಮರೆತವರು ನಿಯಮದ ಪ್ರಕಾರ ಹೊಸದು ಕಟ್ಟುತ್ತಾರೆ. ‘ಹೆಲ್ಪ್’ಗೆ ಹಿಂದೆ ‘ಹೋಲ್ಪ್’ ಎಂಬ ಭೂತಕಾಲ ಇತ್ತು, ಈಗ ‘ಹೆಲ್ಪ್ಡ್’ ಆಗಿದೆ. ‘ವಾಸ್’ ಹಾಗೆ ಮರೆತುಹೋಗುವ ಪದವೇ ಅಲ್ಲ.

ಇನ್ನೊಂದು ವಿಷಯ. ಇದು ಇಂಗ್ಲಿಷಿನದ್ದೊಂದೇ ಕಥೆ ಅಲ್ಲ. ಸಂಸ್ಕೃತದ ‘ಅಸ್ತಿ’ಗೂ ತನ್ನದೇ ಆದ ಭವಿಷ್ಯತ್ ರೂಪ ಇಲ್ಲ, ‘ಭವಿಷ್ಯತಿ’ಯನ್ನೇ ಕಡ ತರಬೇಕು. ಪಾಣಿನಿ ಇದಕ್ಕೆಂದೇ ‘ಅಸ್ತೇರ್ಭೂಃ’ ಅಂತ ಒಂದು ಸೂತ್ರ ಬರೆದಿದ್ದಾನೆ. ಇಂಥಿಂಥ ಕಡೆ ‘ಅಸ್’ ಜಾಗಕ್ಕೆ ‘ಭೂ’ ಬರುತ್ತದೆ ಅಂತ. ಕನ್ನಡವೂ ಇದಕ್ಕೆ ಹೊರತಲ್ಲ. ‘ಇದೆಯಾ?’ ಅಂದರೆ ‘ಉಂಟು’ ಅನ್ನಬಹುದು, ‘ಇಲ್ಲ’ ಅನ್ನಬಹುದು. ಇರು, ಉಳ್, ಇಲ್ ಅಂತ ಮೂರು ಬೇರೆ ಬೇರೆ ಬೇರುಗಳು. ನಮಗೆ ಅಭ್ಯಾಸ ಆಗಿರುವುದರಿಂದ ಕಾಣುವುದಿಲ್ಲ.

ಪ್ರಶ್ನೆ: ‘ಬಿ’ ಅಂದರೆ ‘ಇರು’ ಅಂತಲೋ ‘ಆಗು’ ಅಂತಲೋ? ‘ಬಿ ಹಿಯರ್’ ಅಂದರೆ ಇಲ್ಲಿ ಇರು. ‘ಐ ವಾಂಟ್ ಟು ಬಿ ಎ ಸಿಂಗರ್’ ಅಂದರೆ ಗಾಯಕಿ ಆಗಬೇಕು. ನಿಘಂಟಿನಲ್ಲಿ ಎರಡೂ ಇವೆ.

ಎರಡೂ ಸರಿ. ಮೇಲಿನ ಉತ್ತರ ಓದಿದ್ದರೆ ಕಾರಣವೂ ಕಂಡಿರುತ್ತದೆ. ‘ಬಿ’ ಬಂದಿರುವ ಧಾತುವಿನ ಅರ್ಥವೇ ‘ಆಗು’. ಹಳೆಯ ಇಂಗ್ಲಿಷಿನಲ್ಲಿ ವರ್ತಮಾನಕ್ಕೆ ಎರಡು ಸಾಲು ರೂಪಗಳಿದ್ದವು. ಈಗ, ಈ ಹೊತ್ತು ಹೀಗಿದೆ ಅನ್ನುವುದಕ್ಕೆ ಹೆಚ್ಚಾಗಿ ‘ಈಸ್’ ಸಾಲು. ಮುಂದೆ ಆಗುವುದಕ್ಕೆ, ಯಾವಾಗಲೂ ಹೀಗೇ ಇರುತ್ತದೆ ಅನ್ನುವುದಕ್ಕೆ ‘ಬಿ’ ಸಾಲು. ಕನ್ನಡದ ‘ಇದೆ’ ಮತ್ತು ‘ಇರುತ್ತದೆ’ ನಡುವೆ ಇರುವ ಅಂತರದಂಥದ್ದೇ. ಆ ಎರಡು ಸಾಲು ಆಮೇಲೆ ಬೆರೆತವು. ಆದರೂ ‘ವಿಲ್ ಬಿ’, ‘ವಾಂಟ್ ಟು ಬಿ’, ‘ಬಿ ಕೇರ್‌ಫುಲ್’ ಅಂತ ಇನ್ನೂ ಆಗಬೇಕಾದ ಸಂಗತಿ ಬಂದ ಕಡೆಯೆಲ್ಲ ಇವತ್ತಿಗೂ ‘ಬಿ’ ಬರುತ್ತದೆ ನೋಡಿ. ಅನುವಾದ ಮಾಡುವಾಗ ಸಂದರ್ಭ ನೋಡಿ ‘ಇರು’ ಅಥವಾ ‘ಆಗು’ ಆರಿಸಿಕೊಳ್ಳಿ. ‘ಬಿ’ ಬಂದ ಕಡೆಯೆಲ್ಲ ‘ಇರು’ ಹಾಕಬೇಕು ಅಂತ ಸುಮ್ನೆ ಒಂದು ನಿಯಮ ಮಾಡಿಕೊಂಡರೆ ‘ನಾನು ಗಾಯಕಿ ಇರಬೇಕು’ ಎಂಬಂಥ ವಾಕ್ಯ ಹುಟ್ಟುತ್ತದೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳು ‘ಮೈ ಫಾದರ್ ಡಾಕ್ಟರ್’ ಅಂತ ಬರೆಯುತ್ತಾರೆ, ‘ಈಸ್’ ಬಿಟ್ಟುಬಿಡುತ್ತಾರೆ. ಎಷ್ಟು ತಿದ್ದಿದರೂ ಮತ್ತೆ ಅದೇ. ಯಾಕೆ ಹೀಗೆ?

ಮಕ್ಕಳು ಅಜಾಗರೂಕತೆಯಿಂದ ಬಿಡುತ್ತಿಲ್ಲ. ಅವರ ಭಾಷೆಯಲ್ಲಿ ಆ ಜಾಗದಲ್ಲಿ ಪದವೇ ಇಲ್ಲ. ‘ನಮ್ಮಪ್ಪ ಡಾಕ್ಟರ್’ ಅಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. ಎರಡು ನಾಮಪದಗಳನ್ನು ಪಕ್ಕದಲ್ಲಿ ಇಟ್ಟರೆ ಸಾಕು. ಇದು ಕನ್ನಡದ ಕೊರತೆಯೇನೂ ಅಲ್ಲ, ರಷ್ಯನ್ ಮತ್ತು ಅರಬ್ಬಿ ಭಾಷೆಗಳೂ ವರ್ತಮಾನದಲ್ಲಿ ಹೀಗೇ ಮಾಡುತ್ತವೆ. ಇಂಗ್ಲಿಷಿಗೆ ಮಾತ್ರ ಪ್ರತಿ ವಾಕ್ಯಕ್ಕೂ ಕ್ರಿಯಾಪದ ಬೇಕೇ ಬೇಕು. ಹೇಳುವಂಥ ಕ್ರಿಯೆ ಏನೂ ಇಲ್ಲದಿದ್ದರೂ ಆ ಜಾಗ ತುಂಬಲು ‘ಈಸ್’ ಬರುತ್ತದೆ.

ಮಕ್ಕಳಿಗೆ ಇದನ್ನು ಕನ್ನಡದಿಂದಲೇ ತೋರಿಸಿ. ‘ಅಪ್ಪ ಡಾಕ್ಟರ್ ಅಲ್ಲ’, ‘ಅಪ್ಪ ಮನೇಲಿ ಇಲ್ಲ’ ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ. ‘ಅಲ್ಲ’ ಎಲ್ಲಿ, ‘ಇಲ್ಲ’ ಎಲ್ಲಿ ಅಂತ ಕೇಳಿ. ಒಂದು ಮಗುವೂ ತಪ್ಪುವುದಿಲ್ಲ. ಯಾರು, ಏನು ಅನ್ನುವುದನ್ನು ತಳ್ಳಿಹಾಕುವುದಕ್ಕೆ ‘ಅಲ್ಲ’, ಇರುವಿಕೆಯನ್ನು ತಳ್ಳಿಹಾಕುವುದಕ್ಕೆ ‘ಇಲ್ಲ’. ಕನ್ನಡ ಇಷ್ಟು ಸೂಕ್ಷ್ಮವಾಗಿ ಬೇರೆ ಮಾಡಿ ಇಟ್ಟಿರುವ ಎರಡನ್ನೂ ಇಂಗ್ಲಿಷ್ ‘ಈಸ್ ನಾಟ್’ ಎಂಬ ಒಂದೇ ಜೋಡಿಯಲ್ಲಿ ಮುಗಿಸುತ್ತದೆ. ಅದು ಅರ್ಥವಾದರೆ ‘ಈಸ್’ ಇಲ್ಲಿ ‘ಇದ್ದಾನೆ’ ಅಲ್ಲ, ಬರೀ ಕೊಂಡಿ ಅಂತ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಇದರ ತಿರುವುಮುರುವು ತಪ್ಪು ನನ್ನನ್ನು ಹೆಚ್ಚು ನೋಯಿಸುತ್ತದೆ. ಅದನ್ನು ಮಾಡುತ್ತಿರುವವರು ಮಕ್ಕಳಲ್ಲ, ದೊಡ್ಡವರು. ‘ಇದು ಒಂದು ಸುಂದರವಾದ ಸ್ಥಳವಾಗಿದೆ.’ ‘ಅವರು ಪ್ರಸಿದ್ಧ ವಿಜ್ಞಾನಿಯಾಗಿದ್ದಾರೆ.’ ‘ನೀರು ಜೀವಕ್ಕೆ ಅಗತ್ಯವಾಗಿದೆ.’ ಜಾಹೀರಾತಿನಲ್ಲಿ, ಪ್ರಕಟಣೆಯಲ್ಲಿ, ಪಠ್ಯದಲ್ಲಿ ಎಲ್ಲೆಲ್ಲೂ ಈ ‘ಆಗಿದೆ’. ಇಂಗ್ಲಿಷಿನ ‘ಈಸ್’ ಕಂಡ ಕೂಡಲೇ ಕೈ ‘ಆಗಿದೆ’ ಅಂತ ಬರೆದುಬಿಡುತ್ತದೆ. ಕನ್ನಡದಲ್ಲಿ ‘ಆಗಿದ್ದಾನೆ’ಗೆ ಅದರದ್ದೇ ಅರ್ಥ ಇದೆ. ‘ಅವನೀಗ ಡಾಕ್ಟರ್ ಆಗಿದ್ದಾನೆ’ ಅಂದರೆ ಮೊದಲು ಆಗಿರಲಿಲ್ಲ, ಓದಿ ಆದ ಅಂತ. ‘ಇಲ್ಲಿ ಡಾಕ್ಟರ್ ಆಗಿದ್ದಾನೆ’ ಅಂದರೆ ಸದ್ಯ ಆ ಕೆಲಸದಲ್ಲಿದ್ದಾನೆ ಅಂತ. ಎಲ್ಲ ಕಡೆ ‘ಆಗಿದೆ’ ತುರುಕಿದರೆ ಆ ಅರ್ಥ ಸತ್ತುಹೋಗುತ್ತದೆ. ‘ಇದು ಸುಂದರ ಸ್ಥಳ’, ‘ಅವರು ಪ್ರಸಿದ್ಧ ವಿಜ್ಞಾನಿ’, ‘ಜೀವಕ್ಕೆ ನೀರು ಬೇಕು’. ಎಷ್ಟು ಚೊಕ್ಕ! ನೀವು ಶಿಕ್ಷಕರು, ಇಂಗ್ಲಿಷ್ ವಾಕ್ಯಕ್ಕೆ ‘ಈಸ್’ ಸೇರಿಸುವುದನ್ನು ಕಲಿಸುವ ದಿನವೇ ಕನ್ನಡ ವಾಕ್ಯದಿಂದ ‘ಆಗಿದೆ’ ತೆಗೆಯುವುದನ್ನೂ ಕಲಿಸಿ, ದಯವಿಟ್ಟು.

ಪ್ರಶ್ನೆ: ಕನ್ನಡದ ‘ಇರು’, ಇಂಗ್ಲಿಷಿನ ‘ಆರ್’. ಅರ್ಥ ಒಂದೇ, ಸದ್ದೂ ಹತ್ತಿರ. ಇವೆರಡೂ ಒಂದೇ ಮೂಲದವು ಅಂತ ಒಬ್ಬರು ಹೇಳಿದರು. ಹೌದಾ?

ಅಲ್ಲ. ‘ಇರು’ ದ್ರಾವಿಡ ಪದ. ತಮಿಳಿನಲ್ಲೂ ‘ಇರು’ ಇದೆ, ಮಲಯಾಳದಲ್ಲಿ ‘ಇರಿಕ್ಕುಕ’ ಇದೆ, ಕೂತುಕೊಳ್ಳುವುದು ಎಂಬ ಅರ್ಥವೂ ಅಲ್ಲಿ ಉಳಿದಿದೆ. ದಕ್ಷಿಣದ ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಬೇರೆ ಕುಟುಂಬ ಅಂತ ಮದರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ವಾದ ಮಾಡಿ ತೋರಿಸಿದ್ದ. ಬಾಪ್‌ನ ಪುಸ್ತಕ ಬಂದ ವರ್ಷವೇ ಅದು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಅದನ್ನು ದೊಡ್ಡ ವ್ಯಾಕರಣವಾಗಿ ಬೆಳೆಸಿದ.

ಹಾಗಾದರೆ ‘ವಾಸ್’ಗೂ ‘ವಾಸ’ಕ್ಕೂ ಸಂಬಂಧ ಇದೆ ಅಂದಿರಿ, ‘ಆರ್’ಗೂ ‘ಇರು’ಗೂ ಇಲ್ಲ ಅನ್ನುತ್ತೀರಿ, ಇದು ಯಾವ ನ್ಯಾಯ ಅಂತ ಕೇಳಬಹುದು. ಕೇಳಲೇಬೇಕು. ಒಂದು ಜೋಡಿ ಪದ ಹೋಲುತ್ತದೆ ಅನ್ನುವುದು ಸಾಕ್ಷಿ ಆಗುವುದಿಲ್ಲ. ಹೋಲಿಕೆ ಸಾಲುಸಾಲಾಗಿ, ಒಂದೇ ಬಗೆಯಲ್ಲಿ ಬರಬೇಕು. ಸಂಸ್ಕೃತದ ‘ಭ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಬ’ ಬರುತ್ತದೆ: ಭ್ರಾತೃ ಇದ್ದರೆ ಬ್ರದರ್, ಭಾರದ ‘ಭರ್’ ಇದ್ದರೆ ಹೊರುವುದಕ್ಕೆ ‘ಬೇರ್’, ‘ಭೂ’ ಇದ್ದರೆ ‘ಬಿ’. ‘ಪ’ ಇರುವ ಕಡೆ ‘ಫ’ ಬರುತ್ತದೆ: ಪಿತೃ ಇದ್ದರೆ ಫಾದರ್, ಪಾದ ಇದ್ದರೆ ಫುಟ್. ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟ. ಕನ್ನಡದಲ್ಲೂ ಇಂಥ ನಿಯಮ ಇದೆ, ಹಳಗನ್ನಡದ ಪಾಲ್, ಪುಲಿ, ಪೂ ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆದವು. ತಮಿಳಿನಲ್ಲಿ ‘ಪ’ ಹಾಗೇ ಇದೆ. ‘ಇರು’ ಮತ್ತು ‘ಆರ್’ ಜೋಡಿಗೆ ಹೀಗೆ ಜೊತೆ ನಿಲ್ಲುವ ಸಾಲು ಇಲ್ಲ. ಅದು ಬರೀ ಆಕಸ್ಮಿಕ.

‘ಆರ್’ ಕಥೆ ಬೇರೆಯೇ ಇದೆ, ಅದೂ ಚೆನ್ನಾಗಿದೆ. ಅದು ಇಂಗ್ಲೆಂಡಿನ ಉತ್ತರ ಭಾಗದ ರೂಪ. ದಕ್ಷಿಣದವರು ‘ಸಿಂದೋನ್’, ‘ಬೇಓಥ್’ ಅನ್ನುತ್ತಿದ್ದರು. 9ನೇ ಶತಮಾನದಿಂದ ಉತ್ತರ ಮತ್ತು ಪೂರ್ವ ಭಾಗದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯ ವೈಕಿಂಗರು ಬಂದು ನೆಲೆಸಿದರು. ಅವರ ನಾರ್ಸ್ ಭಾಷೆಯಲ್ಲಿ ಬಹುವಚನದ ರೂಪ ‘ಎರು’. ಅಲ್ಲಿನ ಇಂಗ್ಲಿಷಿನಲ್ಲಿ ಇದ್ದ ‘ಆರೋನ್’ಗೆ ಇದರ ಬಲವೂ ಸಿಕ್ಕಿತು. ಆಮೇಲೆ ಶತಮಾನಗಳಲ್ಲಿ ‘ಆರ್’ ನಿಧಾನವಾಗಿ ದಕ್ಷಿಣಕ್ಕೆ ಇಳಿದು ಎಲ್ಲ ಕಡೆ ಹರಡಿತು. ‘ದೇ’, ‘ದೆಮ್’, ‘ದೇರ್’ ಎಂಬ ಸರ್ವನಾಮಗಳೂ ನಾರ್ಸ್‌ನವೇ. ಅಂದರೆ ‘ದೇ ಆರ್’ ಎಂಬ ಎರಡೇ ಪದದ ವಾಕ್ಯದಲ್ಲಿ ವೈಕಿಂಗರ ಹೆಜ್ಜೆಗುರುತು ಎರಡಿದೆ. ಹಳೆಯ ದಕ್ಷಿಣದ ರೂಪ ಪೂರ್ತಿ ಸತ್ತಿಲ್ಲ. ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿ ಮಾತಿನಲ್ಲಿ ‘ಐ ಬಿ’, ‘ದೇ ಬಿ’ ಕೇಳಿಬರುತ್ತಿತ್ತು. ಅಧಿಕಾರದಲ್ಲಿ ಇರುವವರು ಅನ್ನುವುದಕ್ಕೆ ‘ದಿ ಪವರ್ಸ್ ದಟ್ ಬಿ’ ಅಂತಾರಲ್ಲ, ಅದೂ ಅದೇ ರೂಪ. ವಿಲಿಯಂ ಟಿಂಡೇಲ್‌ನ 1526ರ ಬೈಬಲ್ ಅನುವಾದದಿಂದ 1611ರ ಬೈಬಲ್‌ಗೆ ಬಂದು, ಹಾಗೇ ನುಡಿಗಟ್ಟಾಗಿ ಉಳಿದುಬಿಟ್ಟಿತು. ಅದು ವ್ಯಾಕರಣದ ತಪ್ಪಲ್ಲ.

ಪ್ರಶ್ನೆ: ‘ವಾಸ್’ ಮತ್ತು ‘ವರ್’ ಒಂದೇ ಧಾತು ಆದರೆ ಒಂದರಲ್ಲಿ ‘ಸ’, ಇನ್ನೊಂದರಲ್ಲಿ ‘ರ’ ಯಾಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ವೇದದಿಂದ, ಕೊಟ್ಟವನು ಡೆನ್ಮಾರ್ಕಿನ ಕಾರ್ಲ್ ವರ್ನರ್. 1870ರ ದಶಕದ ಮಾತು. ಗ್ರಿಮ್‌ನ ನಿಯಮಕ್ಕೆ ಹೊಂದದ ಎಷ್ಟೋ ಪದಗಳಿದ್ದವು, ಅವನ್ನೆಲ್ಲ ವಿದ್ವಾಂಸರು ಅಪವಾದ ಅಂತ ಬದಿಗೆ ಸರಿಸಿದ್ದರು. ವರ್ನರ್ ಅವೇ ಪದಗಳ ಸಂಸ್ಕೃತದ ಬಂಧುಗಳನ್ನು ನೋಡಿದ. ವೇದಪಾಠದಲ್ಲಿ ಉದಾತ್ತ, ಅನುದಾತ್ತ ಅಂತ ಸ್ವರ ಗುರುತಿಸುತ್ತಾರಲ್ಲ, ಆ ಉದಾತ್ತ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ ಗುಟ್ಟು ಇತ್ತು. ಏಕವಚನದಲ್ಲಿ ಒತ್ತು ಧಾತುವಿನ ಮೇಲೆ ಬೀಳುತ್ತಿತ್ತು, ಅಲ್ಲಿ ‘ಸ’ ಉಳಿಯಿತು. ಬಹುವಚನದಲ್ಲಿ ಒತ್ತು ಪ್ರತ್ಯಯದ ಮೇಲೆ ಹೋಗುತ್ತಿತ್ತು, ಅಲ್ಲಿ ‘ಸ’ ಮೆತ್ತಗಾಗಿ, ಜೇನುನೊಣದ ಸದ್ದಿನಂಥ ‘ಝ’ ಆಗಿ, ಆಮೇಲೆ ‘ರ’ ಆಯಿತು. ಆ ಒತ್ತು ಇಂಗ್ಲಿಷಿನಲ್ಲಿ ಎಂದೋ ಜಾಗ ಬದಲಿಸಿತು, ಆದರೆ ಅದು ಬಿಟ್ಟುಹೋದ ಗುರುತು ‘ವಾಸ್’, ‘ವರ್’ಗಳಲ್ಲಿ ಇದೆ. ಕಳೆದುಕೊಳ್ಳುವ ‘ಲೂಸ್’, ದಿಕ್ಕಿಲ್ಲದ ಎಂಬ ಅರ್ಥದ ‘ಫಾರ್ಲಾರ್ನ್’ ಎರಡೂ ಇಂಥದ್ದೇ ಜೋಡಿ. ಹಿಂದೆ ‘ಚೂಸ್’ನಂಥ ಕ್ರಿಯಾಪದಗಳಲ್ಲೂ ಭೂತಕಾಲದ ಬಹುವಚನಕ್ಕೆ ‘ರ’ ಬರುತ್ತಿತ್ತು, ಕಾಲ ಕಳೆದಂತೆ ಎಲ್ಲ ಸಮ ಆದವು. ಇವತ್ತು ಭೂತಕಾಲದಲ್ಲಿ ಏಕವಚನ, ಬಹುವಚನ ಬೇರೆ ಬೇರೆ ಇಟ್ಟುಕೊಂಡಿರುವ ಇಂಗ್ಲಿಷ್ ಕ್ರಿಯಾಪದ ಇದೊಂದೇ. ಬಾಯಿಂದ ಬಾಯಿಗೆ ಸ್ವರ ತಪ್ಪದ ಹಾಗೆ ವೇದ ಉಳಿಸಿಕೊಂಡು ಬಂದವರಿಗೆ, ಯೂರೋಪಿನ ಭಾಷೆಗಳ ಒಗಟೊಂದು ಅದರಿಂದ ಬಿಡಿಸಿಕೊಳ್ಳುತ್ತದೆ ಅಂತ ಹೇಗೆ ಗೊತ್ತಿರಬೇಕು!

ಪ್ರಶ್ನೆ: ಎದುರಿಗೆ ಇರುವವರು ಒಬ್ಬರೇ ಆದರೂ ‘ಯು ಆರ್’, ‘ಯು ವರ್’. ಯಾಕೆ ಬಹುವಚನ?

‘ನೀವು’ ಅನ್ನುತ್ತೇವಲ್ಲ, ಅದಕ್ಕೇ. ಇಂಗ್ಲಿಷಿನಲ್ಲೂ ‘ನೀನು’ ಇತ್ತು, ‘ದೌ’. ಅದರ ಜೊತೆ ‘ದೌ ಆರ್ಟ್’ ಬರುತ್ತಿತ್ತು. ‘ಯು’ ಬಹುವಚನ. ಮರ್ಯಾದೆ ಕೊಡಲು ಒಬ್ಬರಿಗೂ ‘ಯು’ ಅನ್ನುವ ರೂಢಿ ಬೆಳೆಯಿತು, ಬೆಳೆದು ಬೆಳೆದು ‘ದೌ’ ಬಳಕೆಯಿಂದಲೇ ಹೋಯಿತು. ‘ನೀವು ಬಂದಿರಿ’ ಅಂತ ನಾವು ಒಬ್ಬರಿಗೂ ಬಹುವಚನದ ಕ್ರಿಯಾಪದ ಹಾಕುವ ಹಾಗೆ ಅವರೂ ‘ಆರ್’ ಹಾಕುತ್ತಾರೆ. ನಡುವೆ 18ನೇ ಶತಮಾನದಲ್ಲಿ ಒಬ್ಬರೇ ಇದ್ದರೆ ‘ಯು ವಾಸ್’ ಅನ್ನುವವರು ಬಹಳ ಇದ್ದರು, ಓದಿದವರೂ ಅನ್ನುತ್ತಿದ್ದರು. ನನ್ನನ್ನು ಕೇಳಿದರೆ ಅದು ಒಳ್ಳೆಯ ಉಪಾಯವೇ, ಒಬ್ಬರೋ ಹಲವರೋ ಅಂತ ಗೊತ್ತಾಗುತ್ತಿತ್ತು. ಆದರೆ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಅದನ್ನು ದೊಡ್ಡ ತಪ್ಪು ಅಂತ ಖಂಡಿಸಿದ, ಬರಹದಲ್ಲಿ ಅದು ನಿಲ್ಲಲಿಲ್ಲ.

ಪ್ರಶ್ನೆ: ‘ಗೋ’ಗೆ ‘ವೆಂಟ್’ ಆಗುವುದೂ ಇದೇ ಥರಾನಾ?

ಇದೇ ಥರ. ‘ವೆಂಟ್’ ಮೂಲದಲ್ಲಿ ‘ವೆಂಡ್’ ಅಂದರೆ ತಿರುಗು, ಸಾಗು ಎಂಬ ಬೇರೆ ಕ್ರಿಯಾಪದದ ಭೂತಕಾಲ. ‘ಸೆಂಡ್’ಗೆ ‘ಸೆಂಟ್’, ‘ಬೆಂಡ್’ಗೆ ‘ಬೆಂಟ್’ ಹಾಗೆ ‘ವೆಂಡ್’ಗೆ ‘ವೆಂಟ್’. ‘ಗೋ’ಗೆ ಮೊದಲಿದ್ದ ಭೂತಕಾಲ ‘ಎಓದೆ’, ಅದೂ ಬೇರೆ ಬೇರಿನದೇ. 15ನೇ ಶತಮಾನದ ಹೊತ್ತಿಗೆ ‘ವೆಂಟ್’ ಅದರ ಜಾಗ ಹಿಡಿಯಿತು. ತನ್ನ ರೂಪ ಕಳೆದುಕೊಂಡ ‘ವೆಂಡ್’ ಹೊಸದಾಗಿ ‘ವೆಂಡೆಡ್’ ಮಾಡಿಕೊಂಡಿತು.

ಪ್ರಶ್ನೆ: ‘ಹಿ ಹ್ಯಾಸ್ ಗಾನ್’ ಸರಿಯೋ, ‘ಹಿ ಈಸ್ ಗಾನ್’ ಸರಿಯೋ? ಹಳೆಯ ಪುಸ್ತಕಗಳಲ್ಲಿ ‘ಐ ಆ್ಯಮ್ ಕಮ್’ ಅಂತಲೂ ನೋಡಿದ್ದೇನೆ.

‘ಹ್ಯಾಸ್ ಗಾನ್’ ಅಂದರೆ ಹೋಗಿದ್ದಾನೆ. ‘ಈಸ್ ಗಾನ್’ ಅಂದರೆ ಹೋಗಿಬಿಟ್ಟಿದ್ದಾನೆ, ಈಗ ಇಲ್ಲಿ ಇಲ್ಲ. ಎರಡೂ ಸರಿ, ಒತ್ತು ಬೇರೆ. ಹೋಗು, ಬರು, ಬೀಳು, ಬೆಳೆಯು ಅಂಥ ಕ್ರಿಯಾಪದಗಳಿಗೆ ಹಿಂದೆ ‘ಹ್ಯಾವ್’ ಬದಲು ‘ಬಿ’ಯೇ ಸಹಾಯಕ್ಕೆ ಬರುತ್ತಿತ್ತು. 1611ರ ಬೈಬಲ್‌ನಲ್ಲಿ ‘ಐ ಆ್ಯಮ್ ಕಮ್’ ಬೇಕಾದಷ್ಟು ಸಿಗುತ್ತದೆ. ಜರ್ಮನ್ ಇವತ್ತಿಗೂ ಹಾಗೇ ಮಾಡುತ್ತದೆ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ‘ಬಂದಿದ್ದೇನೆ’ ಬಿಡಿಸಿ ನೋಡಿ: ಬಂದು, ಇದ್ದೇನೆ. ‘ಹೋಗುತ್ತಾ ಇದ್ದೇನೆ’ಯಲ್ಲೂ ಅದೇ ‘ಇರು’, ‘ಆ್ಯಮ್ ಗೋಯಿಂಗ್’ನಲ್ಲೂ ‘ಆ್ಯಮ್’. ಸಂಬಂಧವೇ ಇಲ್ಲದ ಎರಡು ಕುಟುಂಬಗಳ ಭಾಷೆಗಳು, ನಡೆಯುತ್ತಿರುವ ಕೆಲಸವನ್ನು ಹೇಳಲು ಇರುವಿಕೆಯ ಪದವನ್ನೇ ನೆಚ್ಚಿಕೊಂಡಿವೆ.

ಹಾಗೆಯೇ ‘ಹಿ ಹ್ಯಾಸ್ ಬೀನ್ ಟು’ ಅಂದರೆ ಹೋಗಿ ಬಂದಿದ್ದಾನೆ. ‘ಹ್ಯಾಸ್ ಗಾನ್ ಟು’ ಅಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ಇದನ್ನು ಗಮನದಲ್ಲಿಡಿ, ಪರೀಕ್ಷೆಯಲ್ಲೂ ಕೇಳುತ್ತಾರೆ.

ಪ್ರಶ್ನೆ: ‘ಐ ಆ್ಯಮ್ ಲೇಟ್, ಆರಂಟ್ ಐ?’ ಅಂತ ಇಂಗ್ಲಿಷಿನವರೇ ಹೇಳುತ್ತಾರೆ. ‘ಐ’ ಜೊತೆ ‘ಆರ್’ ಹೇಗೆ ಬಂತು? ‘ಆ್ಯಮಂಟ್ ಐ’ ಆಗಬೇಕಲ್ವಾ?

ಲೆಕ್ಕದ ಪ್ರಕಾರ ಹೌದು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಕಡೆ ‘ಆ್ಯಮಂಟ್ ಐ’ ಅನ್ನುವವರೂ ಇದ್ದಾರೆ. ಉಳಿದವರ ಬಾಯಲ್ಲಿ ‘ಮ್’, ‘ನ್’ ಎರಡೂ ಒಟ್ಟಿಗೆ ಬರುವುದು ಕಷ್ಟವಾಗಿ ‘ಮ್’ ಬಿದ್ದುಹೋಯಿತು, ‘ಆ್ಯಂಟ್’ ಉಳಿಯಿತು, ಸ್ವರ ಎಳೆದು ‘ಆಂಟ್’ ಆಯಿತು. ದಕ್ಷಿಣ ಇಂಗ್ಲೆಂಡಿನ ಹೆಚ್ಚಿನವರು ವ್ಯಂಜನಕ್ಕೆ ಮುಂಚೆ ಬರುವ ‘ರ್’ ಉಚ್ಚರಿಸುವುದಿಲ್ಲ, ಹಾಗಾಗಿ ಅವರ ‘ಆರ್ ನಾಟ್’ ಕುಗ್ಗಿದ ರೂಪವೂ ಕಿವಿಗೆ ‘ಆಂಟ್’ ಅಂತಲೇ ಕೇಳುತ್ತದೆ. ಎರಡರ ಸದ್ದು ಒಂದೇ ಆದ ಮೇಲೆ ಬರೆಯುವಾಗ ‘ಆರ್’ ಕಾಗುಣಿತವನ್ನೇ ಹಾಕಿದರು. ಅಂದರೆ ಆ ‘ಆರಂಟ್ ಐ’ ಒಳಗೆ ಇರುವುದು ನಿಜವಾಗಿ ‘ಆ್ಯಮ್’. ಹಳೆಯ ‘ಆ್ಯಂಟ್’ ಇನ್ನೊಂದು ಕಡೆ ತಿರುಗಿ ‘ಏಂಟ್’ ಕೂಡ ಆಯಿತು, ಅದನ್ನು ಶಾಲೆಗಳು ಇವತ್ತಿಗೂ ಒಪ್ಪುವುದಿಲ್ಲ. ನೀವು ಮಾತಿನಲ್ಲಿ ‘ಆರಂಟ್ ಐ’ ಅನ್ನಿ, ಯಾರೂ ತಪ್ಪು ಹಿಡಿಯುವುದಿಲ್ಲ. ಅರ್ಜಿಯಲ್ಲೋ ಪರೀಕ್ಷೆಯಲ್ಲೋ ಬರೆಯುವುದಾದರೆ ‘ಆ್ಯಮ್ ಐ ನಾಟ್’ ಅಂತ ಬಿಡಿಸಿ ಬರೆಯಿರಿ.